ನೀಹಾರಿಕೆ, ಗೆಲಾಕ್ಸಿಗಳ ಚಿತ್ರ ತೆಗೆಯುವುದು ಹೇಗೆ?

ಓದುಗರ ಪ್ರಶ್ನೆಗಳಲ್ಲಿ ಎರಡು ಮತ್ತೆ ಮತ್ತೆ ಎದುರಾಗುತ್ತವೆ. ನೀಹಾರಿಕೆ, ಗೆಲಾಕ್ಸಿಗಳ ಚಿತ್ರ ತೆಗೆಯಲು ಯಾವ ದೂರದರ್ಶಕ ಕೊಳ್ಳಬೇಕು ಎಂಬುದು ಮೊದಲನೆಯದು. ಹಾಗೆ ಕೊಂಡು, ರಾತ್ರಿಯಿಡೀ ಕಾದು ತೆಗೆದ ಚಿತ್ರವನ್ನು ಕಂಪ್ಯೂಟರಿನಲ್ಲಿ ತೆರೆದಾಗ ಅದು ಬರೀ ಕಪ್ಪಾಗಿ ಏಕೆ ಕಾಣುತ್ತದೆ ಎಂಬುದು ಎರಡನೆಯದು. ಇವೆರಡಕ್ಕೂ ಬಿಡಿಬಿಡಿಯಾಗಿ ಉತ್ತರ ಕೊಟ್ಟು ಪ್ರಯೋಜನವಿಲ್ಲ. ಈ ಹವ್ಯಾಸದಲ್ಲಿ ಒಂದು ಹಂತದಲ್ಲಿ ಮಾಡಿದ ತಪ್ಪು ಮೂರು ಹಂತಗಳ ನಂತರ ಮುಖ ತೋರಿಸುತ್ತದೆ. ಆದ್ದರಿಂದ ಮೊದಲಿನಿಂದ ಕೊನೆಯವರೆಗೆ ಒಂದೇ ಎಳೆಯಲ್ಲಿ ವಿವರಿಸುತ್ತೇನೆ.

ಹವ್ಯಾಸಿಗಳು ‘ಡೀಪ್ ಸ್ಕೈ’ ಎಂದು ಕರೆಯುವುದು ಸೌರವ್ಯೂಹದ ಆಚೆ ಇರುವ ನೀಹಾರಿಕೆ, ನಕ್ಷತ್ರಗುಚ್ಛ ಮತ್ತು ಗೆಲಾಕ್ಸಿಗಳನ್ನು. ಇವು ದೂರದಲ್ಲಿರುವುದರಿಂದ ಚಿಕ್ಕದಾಗಿ ಕಾಣುತ್ತವೆ, ಹಾಗಾಗಿ ಹೆಚ್ಚು ವರ್ಧನೆ ಬೇಕು ಎಂದು ಹೊಸಬರು ಭಾವಿಸುವುದು ಸಹಜ. ಆದರೆ ಸುಮಾರು 25 ಲಕ್ಷ ಜ್ಯೋತಿರ್ವರ್ಷ ದೂರದ ದೇವಯಾನಿ ಗೆಲಾಕ್ಸಿ (ಎಂ31) ಆಕಾಶದಲ್ಲಿ ಮೂರು ಡಿಗ್ರಿಯಷ್ಟು ಉದ್ದ ಚಾಚಿಕೊಂಡಿದೆ, ಅಂದರೆ ಆರು ಹುಣ್ಣಿಮೆ ಚಂದ್ರರನ್ನು ಸಾಲಾಗಿ ಜೋಡಿಸಿದಷ್ಟು. ಅದು ನಮಗೆ ಇಡಿಯಾಗಿ ಕಾಣದಿರುವುದು ಚಿಕ್ಕದೆಂದಲ್ಲ, ಮಂಕಾಗಿದೆ ಎಂದು. ಆದ್ದರಿಂದ ನಮ್ಮ ಕೆಲಸ ವಸ್ತುವನ್ನು ಹಿಗ್ಗಿಸುವುದಲ್ಲ, ಅದರ ಬೆಳಕನ್ನು ಗಂಟೆಗಟ್ಟಲೆ ಒಂದೇ ಜಾಗದಲ್ಲಿ ಕೂಡಿಹಾಕುವುದು. ಈ ಮಾತು ಮನಸ್ಸಿನಲ್ಲಿದ್ದರೆ ಮುಂದಿನ ಸಲಹೆಗಳೆಲ್ಲ ತಾವಾಗಿಯೇ ಅರ್ಥವಾಗುತ್ತವೆ.

1. ಮೌಂಟ್ ಮೊದಲು, ದೂರದರ್ಶಕ ಆಮೇಲೆ

ಮೌಂಟ್ ಎಂದರೆ ದೂರದರ್ಶಕವನ್ನು ಹೊತ್ತು, ಭೂಮಿಯ ಸುತ್ತುವಿಕೆಗೆ ಎದುರಾಗಿ ಅದನ್ನು ತಿರುಗಿಸುವ ಯಂತ್ರ. ಭೂಮಿ ತನ್ನ ಅಕ್ಷದ ಮೇಲೆ ಒಮ್ಮೆ ಸುತ್ತಲು 23 ಗಂಟೆ 56 ನಿಮಿಷ ತೆಗೆದುಕೊಳ್ಳುವುದರಿಂದ, ಆಕಾಶದ ಮಧ್ಯರೇಖೆಯ ಬಳಿಯ ನಕ್ಷತ್ರವೊಂದು ಸೆಕೆಂಡಿಗೆ ಸುಮಾರು 15 ಆರ್ಕ್ ಸೆಕೆಂಡ್ ಸರಿಯುತ್ತದೆ. ಒಂದು ಡಿಗ್ರಿಯ 3,600ನೇ ಒಂದು ಭಾಗವೇ ಆರ್ಕ್ ಸೆಕೆಂಡ್. 135 ಮಿ.ಮೀ. ಲೆನ್ಸ್ ಮತ್ತು 4 ಮೈಕ್ರಾನ್ ಪಿಕ್ಸೆಲ್ ಇರುವ ಸಾಧಾರಣ ಕ್ಯಾಮೆರಾದಲ್ಲಿ ಇದು ಸೆಕೆಂಡಿಗೆ ಎರಡೂವರೆ ಪಿಕ್ಸೆಲ್ ಆಗುತ್ತದೆ. ಟ್ರೈಪಾಡ್ ಮೇಲೆ ಕ್ಯಾಮೆರಾ ಇಟ್ಟು ಎರಡು ನಿಮಿಷ ಷಟರ್ ತೆರೆದರೆ ನಕ್ಷತ್ರ ಚುಕ್ಕೆಯಾಗಿರದೆ ಗೆರೆಯಾಗುವುದು ಇದರಿಂದಲೇ.

ನೀವು ಮೀಸಲಿಟ್ಟ ಹಣದ ದೊಡ್ಡ ಪಾಲು ಮೌಂಟ್‌ಗೆ ಹೋಗಬೇಕು ಎಂಬುದು ನನ್ನ ದೃಢ ಅಭಿಪ್ರಾಯ. ಒಳ್ಳೆಯ ಮೌಂಟ್ ಮೇಲಿನ ಸಾಧಾರಣ ಲೆನ್ಸ್ ಚಿತ್ರ ಕೊಡುತ್ತದೆ. ಅಲುಗಾಡುವ ಮೌಂಟ್ ಮೇಲಿನ ಅತ್ಯುತ್ತಮ ದೂರದರ್ಶಕ ತಲೆನೋವು ಕೊಡುತ್ತದೆ. ಕೊಳ್ಳುವುದು ಇಕ್ವಟೋರಿಯಲ್ ಮೌಂಟ್ ಆಗಿರಲಿ, ಅಂದರೆ ಒಂದು ಅಕ್ಷವನ್ನು ಭೂಮಿಯ ಅಕ್ಷಕ್ಕೆ ಸಮಾನಾಂತರವಾಗಿ ನಿಲ್ಲಿಸಬಹುದಾದ ಬಗೆ. ಮೇಲೆ-ಕೆಳಗೆ ಮತ್ತು ಎಡ-ಬಲ ಮಾತ್ರ ಚಲಿಸುವ ಮೌಂಟ್ ಆಕಾಶಕಾಯವನ್ನು ನಡುವಿನಲ್ಲಿ ಹಿಡಿದಿಟ್ಟರೂ ಚಿತ್ರವು ಆ ನಡುವಿನ ಸುತ್ತ ನಿಧಾನವಾಗಿ ತಿರುಗುತ್ತದೆ. ಅಂಥದ್ದರಲ್ಲಿ ಕೆಲವೇ ಸೆಕೆಂಡುಗಳ ಎಕ್ಸ್‌ಪೋಷರ್ (ಷಟರ್ ತೆರೆದಿಡುವ ಅವಧಿ) ಸಾಧ್ಯ. ತಯಾರಕರು ನಮೂದಿಸುವ ಭಾರದ ಮಿತಿ ಸಾಮಾನ್ಯವಾಗಿ ಕಣ್ಣಿನಿಂದ ನೋಡುವವರಿಗೆ ಅನ್ವಯಿಸುತ್ತದೆ. ಸಾಂಪ್ರದಾಯಿಕ ಗೇರ್ ಮೌಂಟ್‌ಗಳಲ್ಲಿ ಛಾಯಾಗ್ರಹಣಕ್ಕೆ ಅದರ ಅರ್ಧದಿಂದ ಮೂರನೇ ಎರಡು ಭಾಗದೊಳಗೆ ಇರುವುದು ಕ್ಷೇಮ.

2. ದೂರದರ್ಶಕ ಮತ್ತು ಕ್ಯಾಮೆರಾ ಒಂದಕ್ಕೊಂದು ಹೊಂದಲಿ

ಇಲ್ಲಿ ಒಂದೇ ಒಂದು ಲೆಕ್ಕ ಗೊತ್ತಿದ್ದರೆ ಸಾಕು. ಪಿಕ್ಸೆಲ್‌ನ ಅಗಲವನ್ನು ಮೈಕ್ರಾನ್‌ನಲ್ಲಿ ತೆಗೆದುಕೊಂಡು, 206ರಿಂದ ಗುಣಿಸಿ, ದೂರದರ್ಶಕದ ಸಂಗಮ ದೂರದಿಂದ (ಮಿ.ಮೀ.ನಲ್ಲಿ) ಭಾಗಿಸಿ. ಒಂದು ಪಿಕ್ಸೆಲ್ ಆಕಾಶದ ಎಷ್ಟು ಆರ್ಕ್ ಸೆಕೆಂಡನ್ನು ನೋಡುತ್ತದೆ ಎಂಬುದು ಸಿಗುತ್ತದೆ. 3.76 ಮೈಕ್ರಾನ್ ಪಿಕ್ಸೆಲ್ ಮತ್ತು 400 ಮಿ.ಮೀ. ಸಂಗಮ ದೂರಕ್ಕೆ ಇದು ಸುಮಾರು 1.9, ಅದೇ ಕ್ಯಾಮೆರಾವನ್ನು 2,000 ಮಿ.ಮೀ. ದೂರದರ್ಶಕಕ್ಕೆ ಹಾಕಿದರೆ 0.4ಕ್ಕಿಂತ ಕಡಿಮೆ. ವಾತಾವರಣದ ತುಯ್ದಾಟ ನಕ್ಷತ್ರವನ್ನು ಸಾಮಾನ್ಯವಾಗಿ ಎರಡರಿಂದ ನಾಲ್ಕು ಆರ್ಕ್ ಸೆಕೆಂಡಿನಷ್ಟು ಅಗಲಕ್ಕೆ ಹರಡಿಬಿಡುವುದರಿಂದ, ಎರಡನೆಯ ಜೋಡಿ ಹೊಸ ವಿವರವನ್ನೇನೂ ಕೊಡುವುದಿಲ್ಲ; ಮೌಂಟ್‌ನ ಪ್ರತಿಯೊಂದು ಸಣ್ಣ ತಪ್ಪನ್ನು ಮಾತ್ರ ದೊಡ್ಡದು ಮಾಡಿ ತೋರಿಸುತ್ತದೆ.

ಆದ್ದರಿಂದ ಮೊದಲ ಸಲ ಕೊಳ್ಳುವವರಿಗೆ 60ರಿಂದ 80 ಮಿ.ಮೀ. ವ್ಯಾಸ ಮತ್ತು 350ರಿಂದ 480 ಮಿ.ಮೀ. ಸಂಗಮ ದೂರದ ಅಪೋಕ್ರೊಮ್ಯಾಟಿಕ್ ದೂರದರ್ಶಕವನ್ನು, ಅಂದರೆ ಬೇರೆಬೇರೆ ಬಣ್ಣಗಳನ್ನು ಬಹುಮಟ್ಟಿಗೆ ಒಂದೇ ಬಿಂದುವಿನಲ್ಲಿ ಕೂಡಿಸುವ ಮಸೂರದ ದೂರದರ್ಶಕವನ್ನು ಸೂಚಿಸುತ್ತೇನೆ. 400 ಮಿ.ಮೀ.ನಲ್ಲಿ ಎಪಿಎಸ್-ಸಿ ಅಳತೆಯ (ಅನೇಕ ಡಿಎಸ್‌ಎಲ್‌ಆರ್‌ಗಳಲ್ಲಿ ಇರುವ ಅಳತೆ) ಸೆನ್ಸರ್, ಅಂದರೆ ಕ್ಯಾಮೆರಾದೊಳಗೆ ಬೆಳಕನ್ನು ದಾಖಲಿಸುವ ಫಲಕ, ಸುಮಾರು 3.4 ಡಿಗ್ರಿ ಅಗಲ, 2.2 ಡಿಗ್ರಿ ಎತ್ತರದ ಆಕಾಶವನ್ನು ಹಿಡಿಯುತ್ತದೆ, ಹಾಗಾಗಿ ದೇವಯಾನಿ ಇಡಿಯಾಗಿ ಒಳಗೆ ಕೂರುತ್ತದೆ. ಜೊತೆಗೆ ಫೀಲ್ಡ್ ಫ್ಲ್ಯಾಟ್‌ನರ್ ಬೇಕು. ದೂರದರ್ಶಕ ರೂಪಿಸುವ ಬಿಂಬ ಸ್ವಲ್ಪ ಬಾಗಿದ್ದು ಸೆನ್ಸರ್ ಚಪ್ಪಟೆಯಾಗಿರುವುದರಿಂದ, ಅದನ್ನು ಸರಿದೂಗಿಸುವ ಮಸೂರ ಇದು. ಇದಕ್ಕೂ ಸೆನ್ಸರ್‌ಗೂ ನಡುವೆ ತಯಾರಕರು ಹೇಳಿದ ಅಂತರವನ್ನು (ಹೆಚ್ಚಿನವುಗಳಲ್ಲಿ 55 ಮಿ.ಮೀ.) ಮಿಲಿಮೀಟರ್‌ ಲೆಕ್ಕದಲ್ಲಿ ಪಾಲಿಸಬೇಕು.

ನಿಮ್ಮಲ್ಲಿ ಈಗಾಗಲೇ ಡಿಎಸ್‌ಎಲ್‌ಆರ್ ಅಥವಾ ಮಿರರ್‌ಲೆಸ್ ಕ್ಯಾಮೆರಾ ಇದ್ದರೆ ಅದರಿಂದಲೇ ಆರಂಭಿಸಿ. ಒಂದು ಮಿತಿ ಮಾತ್ರ ತಿಳಿದಿರಲಿ: ಸಾಮಾನ್ಯ ಕ್ಯಾಮೆರಾದ ಸೆನ್ಸರ್ ಮುಂದಿರುವ ಫಿಲ್ಟರ್, ಜಲಜನಕದ ನೀಹಾರಿಕೆಗಳು ಸೂಸುವ 656.3 ನ್ಯಾನೊಮೀಟರ್ ತರಂಗಾಂತರದ ಕೆಂಪು ಬೆಳಕಿನ ಬಹುಪಾಲನ್ನು ತಡೆಯುತ್ತದೆ. ಈ ಬೆಳಕನ್ನು ಹವ್ಯಾಸಿಗಳು ‘ಎಚ್-ಆಲ್ಫಾ’ ಎನ್ನುತ್ತಾರೆ. ಗೆಲಾಕ್ಸಿ ಮತ್ತು ನಕ್ಷತ್ರಗುಚ್ಛಗಳಿಗೆ ಇದು ದೊಡ್ಡ ತೊಡಕಲ್ಲ.

3. ಕಾಯವನ್ನೂ ರಾತ್ರಿಯನ್ನೂ ಆರಿಸಿ

ಆರಂಭಕ್ಕೆ ಓರಿಯನ್ ನೀಹಾರಿಕೆ (ಎಂ42), ದೇವಯಾನಿ ಗೆಲಾಕ್ಸಿ ಮತ್ತು ಕೃತ್ತಿಕಾ ನಕ್ಷತ್ರಗುಚ್ಛ (ಎಂ45) ಸಾಕು. 1880ರ ಸೆಪ್ಟೆಂಬರ್ 30ರಂದು ಹೆನ್ರಿ ಡ್ರೇಪರ್ 51 ನಿಮಿಷಗಳ ಎಕ್ಸ್‌ಪೋಷರ್‌ನಿಂದ ತೆಗೆದ ಮೊಟ್ಟಮೊದಲ ನೀಹಾರಿಕೆಯ ಛಾಯಾಚಿತ್ರವೂ ಓರಿಯನ್ನಿನದೇ. ಉಂಗುರ ನೀಹಾರಿಕೆಯಂಥ (ಎಂ57) ಪುಟ್ಟ ಕಾಯಗಳನ್ನು ಸದ್ಯಕ್ಕೆ ಬಿಟ್ಟುಬಿಡಿ, 400 ಮಿ.ಮೀ.ನಲ್ಲಿ ಅದು ಬಣ್ಣದ ಗುಂಡಿಯಷ್ಟೇ.

ಕಾಯ ಯಾವಾಗ ಮೂಡುತ್ತದೆ, ಎಷ್ಟು ಎತ್ತರಕ್ಕೆ ಏರುತ್ತದೆ ಎಂಬುದನ್ನು ಸ್ಟೆಲೇರಿಯಮ್‌ನಂಥ ಉಚಿತ ತಂತ್ರಾಂಶದಲ್ಲಿ ಮುಂಚೆಯೇ ನೋಡಿಕೊಳ್ಳಿ. ದಿಗಂತದಿಂದ 30 ಡಿಗ್ರಿಗಿಂತ ಕೆಳಗಿರುವಾಗ ತೆಗೆದ ಫ್ರೇಮ್‌ಗಳು (ಬಿಡಿ ಚಿತ್ರಗಳು) ದಪ್ಪ ವಾಯುಪದರದ ಮೂಲಕ ಬಂದಿರುವುದರಿಂದ ಬಹುತೇಕ ವ್ಯರ್ಥವಾಗುತ್ತವೆ. ಚಂದ್ರನಿಲ್ಲದ ರಾತ್ರಿಯೇ ಬೇಕು. ಆಕಾಶದ ಕತ್ತಲೆಯನ್ನು ಅಳೆಯಲು ಜಾನ್ ಬೋರ್ಟಲ್ 2001ರಲ್ಲಿ ಪ್ರಕಟಿಸಿದ ಒಂದರಿಂದ ಒಂಬತ್ತರ ಮಾಪಕ ಬಳಕೆಯಲ್ಲಿದೆ. 1 ಎಂದರೆ ಗಾಢ ಕತ್ತಲೆ, 9 ಎಂದರೆ ಮಹಾನಗರದ ನಡುಭಾಗ.

ನಗರವಾಸಿಗಳು ಇಲ್ಲಿ ಒಂದು ತಪ್ಪು ಮಾಡುತ್ತಾರೆ. ಎಚ್-ಆಲ್ಫಾ ಮತ್ತು ಆಮ್ಲಜನಕದ 500.7 ನ್ಯಾನೊಮೀಟರ್ ಬೆಳಕನ್ನು ಮಾತ್ರ ಒಳಗೆ ಬಿಡುವ ‘ಡ್ಯುಯಲ್ ಬ್ಯಾಂಡ್’ ಫಿಲ್ಟರ್ ನಗರದ ಬೆಳಕನ್ನು ತಡೆಯುತ್ತದೆಂದು ಕೇಳಿ, ಅದನ್ನು ದೇವಯಾನಿಯ ಮೇಲೂ ಕೃತ್ತಿಕೆಯ ಮೇಲೂ ಪ್ರಯೋಗಿಸುತ್ತಾರೆ. ಗೆಲಾಕ್ಸಿಯ ಬೆಳಕು ನಕ್ಷತ್ರಗಳದು. ಕೃತ್ತಿಕೆಯ ಸುತ್ತಲಿನ ನೀಲಿ ಮಂಜು ನಕ್ಷತ್ರದ ಬೆಳಕನ್ನು ಪ್ರತಿಫಲಿಸುವ ಧೂಳು. ಇವೆರಡರ ಬೆಳಕೂ ಎಲ್ಲ ತರಂಗಾಂತರಗಳಲ್ಲಿ ಹರಡಿರುವುದರಿಂದ ಫಿಲ್ಟರ್ ನಗರದ ಬೆಳಕಿನ ಜೊತೆಗೆ ನಿಮ್ಮ ಕಾಯವನ್ನೂ ತಡೆದುಬಿಡುತ್ತದೆ. ತಾನೇ ಹೊಳೆಯುವ ಅನಿಲದ ನೀಹಾರಿಕೆಗಳಿಗೆ ಮಾತ್ರ ಅದನ್ನು ಬಳಸಿ.

4. ಧ್ರುವಕ್ಕೆ ಹೊಂದಿಸುವುದು

ಮೌಂಟ್‌ನ ಮುಖ್ಯ ಅಕ್ಷವನ್ನು ಆಕಾಶದ ಧ್ರುವಬಿಂದುವಿನತ್ತ ನಿಲ್ಲಿಸುವ ಈ ಕೆಲಸಕ್ಕೆ ‘ಪೋಲಾರ್ ಅಲೈನ್‌ಮೆಂಟ್’ ಎನ್ನುತ್ತಾರೆ. ಧ್ರುವ ನಕ್ಷತ್ರ ನಿಖರವಾಗಿ ಧ್ರುವಬಿಂದುವಿನಲ್ಲಿಲ್ಲ, ಅದರಿಂದ ಸುಮಾರು ಮುಕ್ಕಾಲು ಡಿಗ್ರಿಗಿಂತ ಸ್ವಲ್ಪ ಕಡಿಮೆ ದೂರದಲ್ಲಿದೆ. ಹಾಗಾಗಿ ಅದನ್ನು ನಡುವಿಗೆ ತಂದರೆ ಸಾಲದು. ಮೌಂಟ್‌ನ ಅಕ್ಷದೊಳಗಿನ ಪುಟ್ಟ ದೂರದರ್ಶಕವಾದ ಪೋಲಾರ್ ಸ್ಕೋಪ್‌ನ ವೃತ್ತದ ಮೇಲೆ ಆ ಹೊತ್ತಿಗೆ ಸರಿಯಾದ ಸ್ಥಾನದಲ್ಲಿ ಇಡಬೇಕು. ದಕ್ಷಿಣಾರ್ಧಗೋಳದಲ್ಲಿ ಇರುವವರು ಸಿಗ್ಮಾ ಆಕ್ಟಾಂಟಿಸ್ ಎಂಬ ಮಂಕು ನಕ್ಷತ್ರವನ್ನು ಹುಡುಕಬೇಕಾಗುತ್ತದೆ. ಮೂರು ಕಡೆಗೆ ತಿರುಗಿಸಿ ಚಿತ್ರ ತೆಗೆದು, ಅಕ್ಷ ಎಲ್ಲಿದೆ ಎಂದು ತಾನೇ ಲೆಕ್ಕ ಹಾಕಿ ಹೇಳುವ ತಂತ್ರಾಂಶಗಳು ಈಗ ಇವೆ. ಧ್ರುವದ ದಿಕ್ಕು ಮರೆಯಾಗಿರುವ ಜಾಗದಲ್ಲಿ ಅವೇ ಗತಿ.

ಒಂದು ಆರ್ಕ್ ಮಿನಿಟ್ (60 ಆರ್ಕ್ ಸೆಕೆಂಡ್) ತಪ್ಪಿದ್ದರೆ ನಕ್ಷತ್ರ ನಿಮಿಷಕ್ಕೆ ಹೆಚ್ಚೆಂದರೆ ಕಾಲು ಆರ್ಕ್ ಸೆಕೆಂಡ್ ಜಾರುತ್ತದೆ. ಐದು ಆರ್ಕ್ ಮಿನಿಟ್ ತಪ್ಪಿದ್ದು ಮೂರು ನಿಮಿಷದ ಎಕ್ಸ್‌ಪೋಷರ್ ಕೊಟ್ಟರೆ ಸುಮಾರು ನಾಲ್ಕು ಆರ್ಕ್ ಸೆಕೆಂಡ್. ಎರಡು ಆರ್ಕ್ ಮಿನಿಟ್‌ನೊಳಗೆ ತಂದರೆ ಮುಂದಕ್ಕೆ ಹೋಗಬಹುದು, ಅದಕ್ಕಿಂತ ಹೆಚ್ಚಿನ ಹಟ ಬೇಡ. ಹೊಂದಿಸಿದ ಮೇಲೆ ಟ್ರೈಪಾಡ್‌ಗೆ ಕಾಲು ತಾಗಿದರೆ, ಬೇಸರವೆನಿಸಿದರೂ ಮತ್ತೆ ಮೊದಲಿನಿಂದ ಮಾಡಿ.

5. ಫೋಕಸ್

ಕಣ್ಣಂದಾಜಿನಲ್ಲಿ ಫೋಕಸ್ ಮಾಡಬೇಡಿ. 2005ರಲ್ಲಿ ಪಾವೆಲ್ ಬಾಹ್ಟಿನೋವ್ ರೂಪಿಸಿದ, ಸೀಳುಗಳಿರುವ ಸರಳ ಮುಚ್ಚಳವನ್ನು ದೂರದರ್ಶಕದ ಮುಂದೆ ಇಟ್ಟು ಪ್ರಖರ ನಕ್ಷತ್ರದತ್ತ ತಿರುಗಿಸಿದರೆ ಮೂರು ಗೆರೆಗಳು ಕಾಣುತ್ತವೆ. ನಡುವಿನ ಗೆರೆ ಉಳಿದೆರಡರ ಛೇದಬಿಂದುವಿನ ಮೂಲಕ ಹಾದಾಗ ಫೋಕಸ್ ಸರಿಯಾಗಿದೆ ಎಂದರ್ಥ. ಮುಚ್ಚಳ ತೆಗೆಯಲು ಮರೆಯಬೇಡಿ. ರಾತ್ರಿ ತಂಪೇರಿದಂತೆ ಕೊಳವೆ ಕುಗ್ಗಿ ಫೋಕಸ್ ಜಾರುವುದರಿಂದ ಗಂಟೆಗೊಮ್ಮೆ ಮತ್ತೆ ಪರೀಕ್ಷಿಸಬೇಕು.

6. ಎಕ್ಸ್‌ಪೋಷರ್, ಗೈಡಿಂಗ್, ಡಿದರಿಂಗ್

ಎರಡು ಗಂಟೆಯ ಬೆಳಕು ಬೇಕೆಂದರೆ ಎರಡು ಗಂಟೆಯ ಒಂದೇ ಚಿತ್ರ ತೆಗೆಯುವುದಿಲ್ಲ. ಎರಡು ನಿಮಿಷದ 60 ಚಿತ್ರ ತೆಗೆದು ಕೂಡಿಸುತ್ತೇವೆ. ವಿಮಾನ ಹಾದುಹೋದರೂ ಗಾಳಿ ಬೀಸಿದರೂ ನಷ್ಟವಾಗುವುದು ಒಂದು ಫ್ರೇಮ್ ಮಾತ್ರ. ಒಂದೊಂದರ ಅವಧಿ ಎಷ್ಟಿರಬೇಕು? ಕಪ್ಪಿನಿಂದ ಬಿಳಿಯವರೆಗೆ ಯಾವ ಮಟ್ಟದಲ್ಲಿ ಎಷ್ಟು ಪಿಕ್ಸೆಲ್‌ಗಳಿವೆ ಎಂದು ಕ್ಯಾಮೆರಾ ತೋರಿಸುವ ಹಿಸ್ಟೊಗ್ರಾಮ್ ಎಂಬ ನಕ್ಷೆಯ ದಿಬ್ಬ ಎಡ ಅಂಚಿನಿಂದ ಸ್ಪಷ್ಟವಾಗಿ ಬೇರೆಯಾಗಿ ನಿಂತರೆ ಅಷ್ಟು ಸಾಕು. ಎಫ್/5ರ (ಸಂಗಮ ದೂರ ವ್ಯಾಸದ ಐದು ಪಟ್ಟು) ಆಸುಪಾಸಿನ ದೂರದರ್ಶಕ ಮತ್ತು ಬಣ್ಣದ ಕ್ಯಾಮೆರಾಕ್ಕೆ ಇದು ನಗರದಲ್ಲಿ 30ರಿಂದ 60 ಸೆಕೆಂಡ್, ಕತ್ತಲೆಯ ಜಾಗದಲ್ಲಿ ಮೂರರಿಂದ ಐದು ನಿಮಿಷ ಎಂದು ಸ್ಥೂಲವಾಗಿ ಹೇಳಬಹುದು. ಓರಿಯನ್ ನೀಹಾರಿಕೆಯ ನಡುಭಾಗ ಇದಕ್ಕೆ ಅಪವಾದ. ಅದು ಎಷ್ಟು ಪ್ರಖರವೆಂದರೆ ಅದಕ್ಕಾಗಿಯೇ ಐದರಿಂದ ಹತ್ತು ಸೆಕೆಂಡಿನ ಪ್ರತ್ಯೇಕ ಚಿತ್ರಗಳನ್ನು ತೆಗೆದು ಆಮೇಲೆ ಬೆಸೆಯಬೇಕಾಗುತ್ತದೆ.

ಚಿತ್ರಗಳ ಸಂಖ್ಯೆ ಹೆಚ್ಚಿದಂತೆ ಕಾಯದ ಬೆಳಕಿಗೂ ‘ನಾಯ್ಸ್’ ಎನ್ನುವ ಯಾದೃಚ್ಛಿಕ ಚುಕ್ಕೆಗಳಿಗೂ ಇರುವ ಅನುಪಾತ ಸಂಖ್ಯೆಯ ವರ್ಗಮೂಲದಂತೆ ಏರುತ್ತದೆ. ಒಂದು ಗಂಟೆಯ ಚಿತ್ರ ಎರಡು ಪಟ್ಟು ಚೊಕ್ಕವಾಗಬೇಕಾದರೆ ನಾಲ್ಕು ಗಂಟೆ ಬೇಕು. ರಾತ್ರಿಗೆ ಹತ್ತು ಕಾಯಗಳ ಹಿಂದೆ ಓಡುವವರು ಈ ಲೆಕ್ಕವನ್ನು ಮರೆತಿರುತ್ತಾರೆ.

ಕ್ಯಾಮೆರಾದಲ್ಲಿ ಸೆನ್ಸರ್ ದಾಖಲಿಸಿದ್ದನ್ನು ಹಾಗೆಯೇ ಉಳಿಸುವ ರಾ ಫಾರ್ಮ್ಯಾಟ್ ಆರಿಸಿ, ಸಂಕೇತವನ್ನು ವರ್ಧಿಸುವ ಮಟ್ಟವಾದ ಐಎಸ್‌ಓವನ್ನು 800ರಿಂದ 1600ರ ನಡುವೆ ಇಡಿ. ಐಎಸ್‌ಓ ಏರಿಸಿದರೆ ಹೆಚ್ಚು ಬೆಳಕು ಬರುತ್ತದೆ ಎಂಬುದು ತಪ್ಪು ಕಲ್ಪನೆ. ಬಂದಷ್ಟೇ ಬೆಳಕು ಹೆಚ್ಚು ಕಾಣುವಂತಾಗುತ್ತದೆ, ಪ್ರಖರ ನಕ್ಷತ್ರಗಳ ಬಣ್ಣ ಬಿಳಿಗಟ್ಟುತ್ತದೆ. ‘ಲಾಂಗ್ ಎಕ್ಸ್‌ಪೋಷರ್ ನಾಯ್ಸ್ ರಿಡಕ್ಷನ್’ ಎಂಬ ಆಯ್ಕೆಯನ್ನು ಮುಚ್ಚಿಡಿ, ಇಲ್ಲದಿದ್ದರೆ ಪ್ರತಿ ಚಿತ್ರದ ನಂತರ ಕ್ಯಾಮೆರಾ ಅಷ್ಟೇ ಹೊತ್ತು ಷಟರ್ ಮುಚ್ಚಿಕೊಂಡು ನಿಮ್ಮ ಅರ್ಧ ರಾತ್ರಿಯನ್ನು ತಿಂದುಹಾಕುತ್ತದೆ.

ಮೌಂಟ್‌ನ ಹಲ್ಲುಗಾಲಿಗಳು ಪರಿಪೂರ್ಣವಲ್ಲದ ಕಾರಣ ಅದರ ಚಲನೆ ನಿಯತಕಾಲಿಕವಾಗಿ ಮುಂದೆ ಹಿಂದೆ ಆಗುತ್ತದೆ. ಪುಟ್ಟ ಎರಡನೇ ದೂರದರ್ಶಕ ಮತ್ತು ಕ್ಯಾಮೆರಾದಿಂದ ಒಂದು ನಕ್ಷತ್ರವನ್ನು ಕಾಯುತ್ತ, ಅದು ಸರಿದೊಡನೆ ಮೌಂಟನ್ನು ತಿದ್ದುವುದಕ್ಕೆ ‘ಗೈಡಿಂಗ್’ ಎನ್ನುತ್ತಾರೆ. ಪಿಎಚ್‌ಡಿ2 ಎಂಬ ಉಚಿತ ತಂತ್ರಾಂಶ ಇದಕ್ಕೆ ಬಹುಬಳಕೆಯದು. ಗೈಡಿಂಗ್‌ನ ಸರಾಸರಿ ತಪ್ಪು ನಿಮ್ಮ ಒಂದು ಪಿಕ್ಸೆಲ್‌ಗಿಂತ ಕಡಿಮೆಯಿದ್ದರೆ ನಿಶ್ಚಿಂತೆಯಿಂದಿರಿ. ಆ ಗ್ರಾಫ್ ಅನ್ನು ನೋಡುತ್ತ ಕೂತು ಪ್ರತಿ ನಿಮಿಷ ಸೆಟ್ಟಿಂಗ್ ಬದಲಿಸುವುದು ಹೊಸಬರ ದೊಡ್ಡ ಕಾಯಿಲೆ.

ಇದರ ಜೊತೆಗೆ ‘ಡಿದರಿಂಗ್’ ಅನ್ನು ಕಡ್ಡಾಯವಾಗಿ ಬಳಸಿ. ಒಂದೆರಡು ಚಿತ್ರಗಳಿಗೊಮ್ಮೆ ದೂರದರ್ಶಕವನ್ನು ಬೇಕೆಂದೇ ಕೆಲವು ಪಿಕ್ಸೆಲ್‌ಗಳಷ್ಟು ಅತ್ತಿತ್ತ ಸರಿಸುವುದು ಇದರ ತಂತ್ರ. ಸೆನ್ಸರ್‌ನ ದೋಷಗಳು ಸೆನ್ಸರ್‌ನಲ್ಲೇ ಉಳಿಯುತ್ತವೆ, ಕಾಯ ಮಾತ್ರ ಸರಿಯುತ್ತದೆ. ನಂತರ ನಕ್ಷತ್ರಗಳನ್ನು ಹೊಂದಿಸಿ ಕೂಡಿಸಿದಾಗ ದೋಷಗಳು ಚದುರಿ ಅಳಿಸಿಹೋಗುತ್ತವೆ. ಡಿದರಿಂಗ್ ಇಲ್ಲದ ಚಿತ್ರದ ಹಿನ್ನೆಲೆಯಲ್ಲಿ ಓರೆಯಾಗಿ ಮಳೆ ಸುರಿದಂಥ ಗೀರುಗಳು ಕಾಣುತ್ತವೆ, ಅವನ್ನು ಆಮೇಲೆ ತೆಗೆಯುವುದು ಬಹಳ ಕಷ್ಟ.

7. ತಿದ್ದುಪಡಿಯ ಫ್ರೇಮ್‌ಗಳು

ಹೆಚ್ಚಿನವರು ಸೋಮಾರಿತನದಿಂದ ಬಿಟ್ಟುಬಿಡುವ ಹಂತ ಇದು. ಇವು ಮೂರು ಬಗೆ. ದೂರದರ್ಶಕದ ಮುಚ್ಚಳ ಹಾಕಿ, ಅದೇ ಅವಧಿ, ಅದೇ ಐಎಸ್‌ಓ, ಅದೇ ತಾಪಮಾನದಲ್ಲಿ ತೆಗೆಯುವುದು ‘ಡಾರ್ಕ್’. ಸೆನ್ಸರ್‌ನ ಶಾಖದಿಂದ ಹುಟ್ಟುವ ಸಂಕೇತವನ್ನು ಅದು ಕಳೆಯುತ್ತದೆ. ಮುಚ್ಚಳ ಹಾಕಿ ಅತಿ ಕಡಿಮೆ ಅವಧಿಯಲ್ಲಿ ತೆಗೆಯುವುದು ‘ಬಯಾಸ್’. ಬೆಳಕಿಲ್ಲದಿದ್ದರೂ ಕ್ಯಾಮೆರಾ ತಾನೇ ಸೇರಿಸುವ ಮೂಲ ಮಟ್ಟವನ್ನು ಅದು ಕಳೆಯುತ್ತದೆ. ಒಂದೇ ಸಮನಾಗಿ ಬೆಳಗಿದ ಬಿಳಿ ಮೇಲ್ಮೈಯನ್ನು ಚಿತ್ರಿಸುವುದು ‘ಫ್ಲ್ಯಾಟ್’. ಅಂಚುಗಳ ಮಬ್ಬನ್ನೂ ಧೂಳಿನ ಕಣಗಳು ಉಂಟುಮಾಡುವ ಉಂಗುರಗಳನ್ನೂ ಅದು ನಿವಾರಿಸುತ್ತದೆ. ಒಂದೊಂದು ಬಗೆಯಲ್ಲೂ 25–30 ಇರಲಿ.

ಮೂರರಲ್ಲಿ ಒಂದನ್ನು ಮಾತ್ರ ತೆಗೆಯಲು ಸಮಯವಿದ್ದರೆ ಫ್ಲ್ಯಾಟ್ ತೆಗೆಯಿರಿ. ಡಿದರಿಂಗ್ ಮಾಡಿದ್ದರೆ ಡಾರ್ಕ್ ಇಲ್ಲದೆಯೂ ಒಂದು ಮಟ್ಟಿಗೆ ನಡೆಯುತ್ತದೆ. ಫ್ಲ್ಯಾಟ್ ಇಲ್ಲದ ಚಿತ್ರದಲ್ಲಿ ಮಂಕಾದ ನೀಹಾರಿಕೆ ಯಾವುದು, ಅಂಚಿನ ನೆರಳು ಯಾವುದು ಎಂದು ಹೇಳಲಾಗದು. ದೂರದರ್ಶಕದ ಬಾಯಿಗೆ ಸುಕ್ಕಿಲ್ಲದ ಬಿಳಿ ಬಟ್ಟೆ ಬಿಗಿದು ಬೆಳಗಿನ ಆಕಾಶಕ್ಕೆ ತಿರುಗಿಸಬಹುದು, ಅಥವಾ ಬಿಳಿ ಪರದೆ ತೋರಿಸುವ ಟ್ಯಾಬ್ಲೆಟ್ ಬಳಸಬಹುದು. ಸೂರ್ಯನ ಕಡೆಗೆ ಮಾತ್ರ ಎಂದೂ ತಿರುಗಿಸಬೇಡಿ. ಹಿಸ್ಟೊಗ್ರಾಮ್‌ನ ದಿಬ್ಬ ನಡುಭಾಗದ ಹತ್ತಿರ ಇರಲಿ. ಫ್ಲ್ಯಾಟ್ ತೆಗೆಯುವ ಮುನ್ನ ಕ್ಯಾಮೆರಾವನ್ನು ಬಿಚ್ಚಬಾರದು, ತಿರುಗಿಸಬಾರದು, ಫೋಕಸ್ ಮುಟ್ಟಬಾರದು. ಕಾಯವು ನಡುರಾತ್ರಿ ನೆತ್ತಿಯ ಉತ್ತರ-ದಕ್ಷಿಣ ರೇಖೆಯನ್ನು ದಾಟಿದಾಗ ಮೌಂಟ್ ದೂರದರ್ಶಕವನ್ನು ಇನ್ನೊಂದು ಬದಿಗೆ ಹೊರಳಿಸಿದ್ದರೂ ಚಿಂತೆಯಿಲ್ಲ. ಕ್ಯಾಮೆರಾ ಕೊಳವೆಗೆ ಅಂಟಿಕೊಂಡೇ ಇರುವುದರಿಂದ ಅದೇ ಫ್ಲ್ಯಾಟ್ ಎರಡೂ ಬದಿಗೆ ಸಲ್ಲುತ್ತದೆ.

8. ಸೋಸುವುದು ಮತ್ತು ಕೂಡಿಸುವುದು

ಎಲ್ಲ ಫ್ರೇಮ್‌ಗಳನ್ನೂ ಕಣ್ಣುಮುಚ್ಚಿ ಕೂಡಿಸಬೇಡಿ. ಒಂದೊಂದನ್ನೂ ಹಿಗ್ಗಿಸಿ ನಕ್ಷತ್ರಗಳ ಆಕಾರ ನೋಡಿ, ಏಕೆಂದರೆ ಎಲ್ಲಿ ತಪ್ಪಿದೆ ಎಂಬುದನ್ನು ಅವೇ ಹೇಳುತ್ತವೆ. ಇಡೀ ಚಿತ್ರದಲ್ಲಿ ನಕ್ಷತ್ರಗಳು ಒಂದೇ ದಿಕ್ಕಿಗೆ ಉದ್ದವಾಗಿದ್ದರೆ ದೋಷ ಗೈಡಿಂಗ್‌ನದು ಅಥವಾ ಗಾಳಿಯದು. ನಡುವೆ ದುಂಡಗಿದ್ದು ನಾಲ್ಕೂ ಮೂಲೆಗಳಲ್ಲಿ ಎಳೆದಂತಿದ್ದರೆ ಫ್ಲ್ಯಾಟ್‌ನರ್ ಅಂತರ ತಪ್ಪಿದೆ. ಒಂದೇ ಮೂಲೆಯಲ್ಲಿ ಹಾಗಿದ್ದರೆ ಕ್ಯಾಮೆರಾ ಓರೆಯಾಗಿ ಕೂತಿದೆ. ಒಂದು ಬಿಂದುವಿನ ಸುತ್ತ ಕಮಾನಿನಂತೆ ಬಾಗಿದ್ದರೆ ಧ್ರುವದ ಹೊಂದಾಣಿಕೆ ಸರಿಯಿಲ್ಲ. ಎಲ್ಲ ಕಡೆ ದುಂಡಗಿದ್ದೂ ದಪ್ಪವಾಗಿದ್ದರೆ ಫೋಕಸ್ ಜಾರಿದೆ, ಮತ್ತು ಸುತ್ತ ಮಂಜಿನ ಪ್ರಭೆಯೂ ಇದ್ದರೆ ಮಸೂರದ ಮೇಲೆ ಇಬ್ಬನಿ ಕೂತಿದೆ; ಮುಂದಿನ ಸಲ ಇಬ್ಬನಿ ತಡೆಯುವ ಬಿಸಿ ಪಟ್ಟಿ ಕಟ್ಟಿ.

ಉಳಿದ ಫ್ರೇಮ್‌ಗಳನ್ನು ಸಿರಿಲ್ ಅಥವಾ ಡೀಪ್‌ಸ್ಕೈಸ್ಟ್ಯಾಕರ್ ತಂತ್ರಾಂಶಕ್ಕೆ ಕೊಡಿ, ಎರಡೂ ಉಚಿತ. ಅವು ತಿದ್ದುಪಡಿ ಮಾಡಿ, ನಕ್ಷತ್ರಗಳನ್ನು ಹೊಂದಿಸಿ, ಸರಾಸರಿ ತೆಗೆಯುತ್ತವೆ. ‘ಸಿಗ್ಮಾ ಕ್ಲಿಪಿಂಗ್’ ಎಂಬ ವಿಧಾನವನ್ನು ಆರಿಸಿದರೆ, ಹೆಚ್ಚಿನ ಫ್ರೇಮ್‌ಗಳಲ್ಲಿ ಇಲ್ಲದೆ ಒಂದೆರಡರಲ್ಲಿ ಮಾತ್ರ ಇರುವ ಉಪಗ್ರಹದ ಗೆರೆಗಳು ತಾವಾಗಿಯೇ ಹೊರಬೀಳುತ್ತವೆ, ಆದ್ದರಿಂದ ಅಂಥ ಫ್ರೇಮ್‌ಗಳನ್ನು ಎಸೆಯಬೇಕಿಲ್ಲ.

9. ಸಂಸ್ಕರಣೆ

ಕೂಡಿಸಿದ ಚಿತ್ರ ಕಪ್ಪಾಗಿಯೇ ಕಾಣುತ್ತದೆ. ಆರಂಭದ ಎರಡನೇ ಪ್ರಶ್ನೆಗೆ ಉತ್ತರ ಇಲ್ಲಿದೆ. ಸೆನ್ಸರ್ ಬೆಳಕನ್ನು ಇದ್ದ ಪ್ರಮಾಣದಲ್ಲೇ ದಾಖಲಿಸುವುದರಿಂದ ನಕ್ಷತ್ರಗಳು ಮೇಲ್ಮಟ್ಟದಲ್ಲೂ ನೀಹಾರಿಕೆ ಕಪ್ಪಿಗಿಂತ ಕೂದಲೆಳೆಯಷ್ಟೇ ಮೇಲೂ ಇರುತ್ತವೆ. ಆ ಕೆಳಮಟ್ಟವನ್ನು ಹಿಗ್ಗಿಸಿ ಕಾಣುವಂತೆ ಮಾಡುವುದಕ್ಕೆ ‘ಸ್ಟ್ರೆಚ್’ ಎನ್ನುತ್ತಾರೆ. ಆದರೆ ಅದನ್ನು ಮೊದಲೇ ಮಾಡಬೇಡಿ.

ಮೊದಲು ಅಂಚುಗಳನ್ನು ಕತ್ತರಿಸಿ. ನಂತರ ನಗರದ ಬೆಳಕಿನಿಂದ ಒಂದು ಕಡೆ ಹೆಚ್ಚು, ಇನ್ನೊಂದು ಕಡೆ ಕಡಿಮೆ ಇರುವ ಹಿನ್ನೆಲೆಯ ಇಳಿಜಾರನ್ನು ಸಿರಿಲ್‌ನಲ್ಲಿ ಅಥವಾ ಗ್ರಾಕ್ಸ್‌ಪರ್ಟ್ ಎಂಬ ತಂತ್ರಾಂಶದಲ್ಲಿ ತೆಗೆಯಿರಿ. ಇದಕ್ಕೆ ಗುರುತಿಸುವ ಮಾದರಿ ಬಿಂದುಗಳು ಖಾಲಿ ಆಕಾಶದ ಮೇಲಿರಬೇಕು. ನೀಹಾರಿಕೆಯ ಮೇಲೆ ಬಿದ್ದರೆ ತಂತ್ರಾಂಶ ಅದನ್ನೇ ಹಿನ್ನೆಲೆ ಎಂದು ಅಳಿಸಿಬಿಡುತ್ತದೆ. ಆ ಬಳಿಕ ಬಣ್ಣ. ಚಿತ್ರದಲ್ಲಿರುವ ನಕ್ಷತ್ರಗಳನ್ನು ಗುರುತಿಸಿ, ಪಟ್ಟಿಯಲ್ಲಿ ದಾಖಲಾದ ಅವುಗಳ ನಿಜವಾದ ಬಣ್ಣಕ್ಕೆ ಹೋಲಿಸಿ ತಿದ್ದುವ ಸೌಲಭ್ಯ ಸಿರಿಲ್‌ನಲ್ಲಿದೆ, ಅದನ್ನೇ ನಂಬಿ, ನಿಮ್ಮ ಪರದೆಯನ್ನಲ್ಲ.

ಈಗ ಸ್ಟ್ರೆಚ್ ಮಾಡಿ, ಒಂದೇ ಸಲಕ್ಕಲ್ಲ, ಸ್ವಲ್ಪ ಸ್ವಲ್ಪವಾಗಿ. ಬೇಕಿದ್ದರೆ ಸ್ಟಾರ್‌ನೆಟ್ ಎಂಬ ತಂತ್ರಾಂಶದಿಂದ ನಕ್ಷತ್ರಗಳನ್ನು ಪ್ರತ್ಯೇಕಿಸಿ, ನೀಹಾರಿಕೆಯನ್ನಷ್ಟೇ ಹಿಗ್ಗಿಸಿ, ಕೊನೆಗೆ ಅವನ್ನು ಮರಳಿ ಸೇರಿಸಬಹುದು. ಹಿನ್ನೆಲೆಯನ್ನು ಅಪ್ಪಟ ಕಪ್ಪು ಮಾಡುವ ಆಸೆಯನ್ನು ಹತ್ತಿಕ್ಕಿಕೊಳ್ಳಿ. ನಿಜವಾದ ಆಕಾಶ ಗಾಢ ಬೂದು. ಹಿಸ್ಟೊಗ್ರಾಮ್‌ನ ಎಡ ತುದಿಯನ್ನು ಕತ್ತರಿಸಿದರೆ ಗೆಲಾಕ್ಸಿಯ ಹೊರಗಿನ ಮಂಕು ತೋಳುಗಳೂ ಅದರೊಡನೆ ಹೋಗುತ್ತವೆ, ಗಂಟೆಗಟ್ಟಲೆ ನೀವು ಕಾದದ್ದು ಆ ಬೆಳಕಿಗಾಗಿಯೇ ತಾನೆ? ಯಂತ್ರಕಲಿಕೆಯಿಂದ ಚಿತ್ರವನ್ನು ಹರಿತಗೊಳಿಸುವ ಸಾಧನಗಳಲ್ಲೂ ಎಚ್ಚರ ಬೇಕು. ಖಗೋಳ ಚಿತ್ರಗಳಿಗೆಂದೇ ರೂಪಿಸದ ಸಾಧನವು ನೀಹಾರಿಕೆಯಲ್ಲಿ ಇಲ್ಲದ ಎಳೆಗಳನ್ನು ಹುಟ್ಟಿಸಬಲ್ಲದು, ಮತ್ತು ನೋಡುವವರಿಗೆ ಅದು ಸುಳ್ಳೆಂದು ಗೊತ್ತಾಗುವುದಿಲ್ಲ.

ಪ್ರತಿ ಹಂತವನ್ನೂ 32 ಬಿಟ್ ಫಿಟ್ಸ್ ಅಥವಾ 16 ಬಿಟ್ ಟಿಫ್ ಕಡತವಾಗಿ ಬೇರೆ ಹೆಸರಿನಲ್ಲಿ ಉಳಿಸಿ; ಜೆಪೆಗ್ ಕೊನೆಯ ಪ್ರತಿಗೆ ಮಾತ್ರ. ಮೂಲ ಫ್ರೇಮ್‌ಗಳನ್ನೂ ಆ ರಾತ್ರಿಯ ಫ್ಲ್ಯಾಟ್‌ಗಳನ್ನೂ ಅಳಿಸಬೇಡಿ. ಅದೇ ಕಾಯ ಮುಂದಿನ ವರ್ಷ ಮತ್ತೆ ಮೇಲೇರಿದಾಗ ಇನ್ನಷ್ಟು ಗಂಟೆಗಳನ್ನು ಹಳೆಯದಕ್ಕೆ ಕೂಡಿಸಬಹುದು. ಆಯಾ ರಾತ್ರಿಯ ಫ್ರೇಮ್‌ಗಳನ್ನು ಆಯಾ ರಾತ್ರಿಯ ಫ್ಲ್ಯಾಟ್‌ಗಳಿಂದಲೇ ತಿದ್ದಿ, ಆಮೇಲೆ ಎಲ್ಲವನ್ನೂ ಒಟ್ಟಿಗೆ ಕೂಡಿಸಬೇಕು.